ತಕ್ಕಡಿಯ ಮುಂದೆ ವಿಶ್ವಾಸ

(ಕೊಡಗಿನ ವಿರಾಜಪೇಟೆಯಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಒಂದು ಸಂಜೆ ಧರ್ಮಕೇಂದ್ರದ ಸಭಾಂಗಣದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆಯೊಂದನ್ನು ಉತ್ತರದೊಂದಿಗೆ ಸೇರಿಸಿದ್ದೇನೆ.)

ಪೂಜ್ಯ ಗುರುಗಳೇ, ಕನ್ಯಾಸ್ತ್ರೀಯರೇ, ಹಿರಿಯರೇ, ಸಹೋದರ ಸಹೋದರಿಯರೇ,

ಕ್ರೈಸ್ತ ವಿಶ್ವಾಸವನ್ನು ಬದುಕಿ ತೋರಿಸುವುದರ ಮೂಲಕ ಸುತ್ತಲಿನವರ ಮೇಲೆ ಒಳ್ಳೆಯ ಪ್ರಭಾವ ಬೀರುವುದು ಹೇಗೆ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ಬೇರೆ ಊರಾಗಿದ್ದರೆ ನಾನು ಬೈಬಲಿನಿಂದಲೇ ಆರಂಭಿಸುತ್ತಿದ್ದೆ. ವಿರಾಜಪೇಟೆಯಲ್ಲಿ ನಿಂತು ಹಾಗೆ ಮಾಡಲು ಮನಸ್ಸು ಒಪ್ಪುವುದಿಲ್ಲ. ಏಕೆಂದರೆ ಈ ಊರಿನ ಕ್ರೈಸ್ತರ ಚರಿತ್ರೆ ಶುರುವಾಗುವುದು ಕ್ರೈಸ್ತರು ಮಾಡಿದ ಸತ್ಕಾರ್ಯದಿಂದಲ್ಲ, ಕ್ರೈಸ್ತರಿಗೆ ಇನ್ನೊಬ್ಬರು ಮಾಡಿದ ಉಪಕಾರದಿಂದ. ಕೆನರಾ ಕರಾವಳಿಯ ಕಥೋಲಿಕರನ್ನು 1784ರಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಸಂಗತಿ ನಿಮಗೆಲ್ಲ ತಿಳಿದದ್ದೇ. ಟಿಪ್ಪುವಿನ ಆಡಳಿತದಿಂದ ಓಡಿಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರನು ಆಶ್ರಯ ಕೊಟ್ಟ, 1792ರಲ್ಲಿ ತಾನು ಕಟ್ಟಿಸಿದ ಈ ಪೇಟೆಯಲ್ಲೇ ನೆಲ ಕೊಟ್ಟ, ದೇವಾಲಯ ಕಟ್ಟಿಕೊಳ್ಳಲು ಅನುಮತಿಯನ್ನೂ ಕೊಟ್ಟ. ನಮ್ಮ ಸಂತ ಅನ್ನಮ್ಮನವರ ದೇವಾಲಯದ ಮೂಲ ಇರುವುದು ಅಲ್ಲಿ. ಹಾಲೇರಿ ವಂಶದ ಆ ಅರಸ ವೀರಶೈವ. ತಾನೇ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದು 1788ರ ಡಿಸೆಂಬರಿನಲ್ಲಿ ತಪ್ಪಿಸಿಕೊಂಡು ಬಂದವನು. ಸೆರೆಯ ಕಷ್ಟ ಅವನಿಗೆ ಗೊತ್ತಿತ್ತು ಎಂದು ಊಹಿಸಿದರೆ ತಪ್ಪಾಗಲಾರದು. ಅವನು ಸಂತನೇನೂ ಅಲ್ಲ. ಕೊನೆಯ ವರ್ಷಗಳಲ್ಲಿ ಅವನ ಕ್ರೌರ್ಯಕ್ಕೆ ಅವನ ಅರಮನೆಯವರೇ ಹೆದರುತ್ತಿದ್ದರು. ಆದರೂ ಗತಿಯಿಲ್ಲದೆ ಬಂದ ಒಂದಷ್ಟು ಜನರಿಗೆ, ಅವರು ತನ್ನ ದೇವರನ್ನು ಪೂಜಿಸಬೇಕೆಂಬ ಷರತ್ತು ಹಾಕದೆ, ನೆಲ ಕೊಟ್ಟ.

ಈ ಸಂಗತಿಯನ್ನು ನಾವು ಹಬ್ಬದ ಸ್ಮರಣ ಸಂಚಿಕೆಯ ಮೊದಲ ಪುಟಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ. ಆದರೆ ಇವತ್ತಿನ ವಿಷಯಕ್ಕೆ ಇದು ಅಡಿಗಲ್ಲು. ಕೊಡಗಿನ ಜನಸಂಖ್ಯೆಯಲ್ಲಿ ಕ್ರೈಸ್ತರು ನೂರಕ್ಕೆ ಸುಮಾರು ಮೂರು ಮಂದಿ. ಮಂಗಳೂರು ಕಡೆಯಿಂದ ಬಂದ ಕೊಂಕಣಿ ಮಾತಿನವರು, ಕೇರಳದಿಂದ ಬಂದ ಮಲಯಾಳಿಗಳು, ತೋಟದ ಕೆಲಸಕ್ಕೆಂದು ಬಂದ ತಮಿಳರು, ಇಲ್ಲಿಯ ಮಣ್ಣಿನಲ್ಲೇ ಹುಟ್ಟಿದ ದಲಿತರು ಎಲ್ಲರೂ ಆ ಮೂರರಲ್ಲೇ ಸೇರಿದ್ದೇವೆ. ಹೀಗಿರುವಾಗ ನಾವು ಇತರರ ಮೇಲೆ ಪ್ರಭಾವ ಬೀರುವವರು, ಅವರು ಅದನ್ನು ಸ್ವೀಕರಿಸುವವರು ಎಂಬ ಎಣಿಕೆ ಚರಿತ್ರೆಗೂ ಹೊಂದುವುದಿಲ್ಲ, ವಿನಯಕ್ಕೂ ಹೊಂದುವುದಿಲ್ಲ. ಮೊದಲು ಪಡೆದವರು ನಾವು.

ಇನ್ನು ಶುಭಸಂದೇಶಕ್ಕೆ ಬರುತ್ತೇನೆ. ಪರ್ವತ ಪ್ರಸಂಗದಲ್ಲಿ ಯೇಸುಸ್ವಾಮಿ ಶಿಷ್ಯರನ್ನು ಭೂಮಿಗೆ ಉಪ್ಪು ಎಂದೂ ಲೋಕಕ್ಕೆ ಬೆಳಕು ಎಂದೂ ಕರೆಯುತ್ತಾರೆ. ನಿಮ್ಮ ಸತ್ಕಾರ್ಯಗಳನ್ನು ಜನರು ಕಂಡು ಸ್ವರ್ಗದಲ್ಲಿರುವ ತಂದೆಯನ್ನು ಸ್ತುತಿಸುವ ಹಾಗೆ ನಿಮ್ಮ ಬೆಳಕು ಬೆಳಗಲಿ ಎನ್ನುತ್ತಾರೆ. ಇದು ಮತ್ತಾಯನ ಐದನೆಯ ಅಧ್ಯಾಯ. ಆರನೆಯ ಅಧ್ಯಾಯದ ಮೊದಲ ಮಾತೇ ಇದಕ್ಕೆ ಎದುರಾಗಿ ನಿಂತಂತೆ ಕಾಣುತ್ತದೆ: ಜನರು ನೋಡಲೆಂದು ಧರ್ಮಕಾರ್ಯ ಮಾಡದಂತೆ ಎಚ್ಚರಿಕೆಯಿಂದಿರಿ, ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ. ಕಾಣುವಂತೆ ಮಾಡಿ ಎಂದವರೇ ಕಾಣಲೆಂದು ಮಾಡಬೇಡಿ ಎನ್ನುತ್ತಿದ್ದಾರೆ. ಚಿಕ್ಕಂದಿನಲ್ಲಿ ಜ್ಞಾನೋಪದೇಶದ ತರಗತಿಯಲ್ಲಿ ಈ ಎರಡನ್ನೂ ಬೇರೆ ಬೇರೆ ಭಾನುವಾರ ಕಲಿಸಿದ್ದರಿಂದ ನನಗೆ ಬಹಳ ಕಾಲ ಈ ಇಕ್ಕಟ್ಟು ಹೊಳೆದಿರಲಿಲ್ಲ.

ವ್ಯಾಖ್ಯಾನಕಾರರು ಇದಕ್ಕೆ ಹಲವು ಸಮಾಧಾನಗಳನ್ನು ಕೊಟ್ಟಿದ್ದಾರೆ. ಉದ್ದೇಶವೇ ಮುಖ್ಯ, ಸ್ತುತಿ ದೇವರಿಗೆ ಸಲ್ಲುತ್ತದೆಯೋ ನಮಗೆ ಸಲ್ಲುತ್ತದೆಯೋ ನೋಡಬೇಕು ಎನ್ನುವುದು ಸಾಮಾನ್ಯ ಉತ್ತರ. ಅದು ಸರಿಯೇ. ಆದರೆ ಉದ್ದೇಶವೆಂಬುದು ಒಳಗಿನ ವಿಷಯ. ಮನುಷ್ಯ ಅದರಲ್ಲಿ ತನ್ನನ್ನು ತಾನೇ ಸುಲಭವಾಗಿ ವಂಚಿಸಿಕೊಳ್ಳುತ್ತಾನೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಪ್ರಶ್ನೆ: ನಮ್ಮನ್ನು ನೋಡುತ್ತಿರುವವರು ಯಾರು? ದಾನದ ಫಲಕದಲ್ಲಿ ನಮ್ಮ ಹೆಸರನ್ನು ಓದುವವರು ನಮಗೆ ಸರಿಸಮಾನರು, ಅಥವಾ ನಮಗಿಂತ ಮೇಲಿನವರು. ಅವರ ಮೆಚ್ಚುಗೆ ನಮಗೆ ಬೇಕು, ನಮ್ಮ ಮೆಚ್ಚುಗೆ ಅವರಿಗೂ ಬೇಕು. ಆದ್ದರಿಂದ ಅವರು ಕೊಡುವ ಪ್ರಮಾಣಪತ್ರಕ್ಕೆ ಬೆಲೆ ಕಡಿಮೆ. ನಮ್ಮನ್ನು ಮೆಚ್ಚಿಸಿ ಏನೂ ಆಗಬೇಕಿಲ್ಲದವನು, ನಮ್ಮ ಬೆನ್ನ ಹಿಂದೆ ತನ್ನ ಮನೆಯ ಒಲೆಯ ಮುಂದೆ ಕುಳಿತು ನಮ್ಮ ಬಗ್ಗೆ ಆಡುವ ಮಾತೇ ನಮ್ಮ ವಿಶ್ವಾಸದ ನಿಜವಾದ ಸಾಕ್ಷಿ. ಕೊಡಗಿನಲ್ಲಿ ಆ ಒಲೆ ಬಹುಮಟ್ಟಿಗೆ ತೋಟದ ಆಳುಗಳು ವಾಸಿಸುವ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿದೆ. ನಾನು ಇಂದು ಹೇಳಬೇಕೆಂದು ಬಂದಿರುವುದು ಇಷ್ಟೇ. ಉಳಿದದ್ದು ಇದರ ವಿವರಣೆ.

ಹಲವು ವರ್ಷ ತೋಟದ ರೈಟರಾಗಿ, ಅಂದರೆ ಲೆಕ್ಕ ಬರೆಯುವ ಗುಮಾಸ್ತನಾಗಿ, ದುಡಿದವನು ನಾನು. ಆಳುಗಳ ಹಾಜರಿಯ ಚೆಕ್‌ರೋಲ್ ಬರೆದವನು, ಕೂಲಿಯ ಬಟವಾಡೆ ಮಾಡಿದವನು, ಕೊಯ್ಲಿನ ಸಂಜೆ ತಕ್ಕಡಿಯ ಪಕ್ಕದಲ್ಲಿ ನಿಂತವನು. ಆದ್ದರಿಂದ ಪ್ರೀತಿ, ಕ್ಷಮೆ, ತಾಳ್ಮೆ ಎಂಬ ದೊಡ್ಡ ಮಾತುಗಳನ್ನು ಗುರುಗಳಿಗೆ ಬಿಟ್ಟು ನನಗೆ ತಿಳಿದ ಸಣ್ಣ ವಿಷಯಗಳನ್ನೇ ಹೇಳುತ್ತೇನೆ. ಸಣ್ಣವೆಂದೆನಾದರೂ ಪವಿತ್ರ ಗ್ರಂಥ ಅವನ್ನು ಸಣ್ಣದಾಗಿ ಕಂಡಿಲ್ಲ.

ಕೂಲಿಯ ವಿಷಯವನ್ನು ನೋಡಿ. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಬಳಿ ಉಳಿಯಬಾರದು ಎಂದು ಯಾಜಕಕಾಂಡ ಹೇಳುತ್ತದೆ. ಸೂರ್ಯ ಮುಳುಗುವ ಮೊದಲೇ ಕೊಡು, ಅವನು ಬಡವ, ಅದರ ಮೇಲೆಯೇ ಜೀವ ಇಟ್ಟುಕೊಂಡಿದ್ದಾನೆ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಅಲ್ಲಿ ಅವನು ನಿನ್ನ ಜನದವನೇ ಆಗಿರಲಿ, ನಿನ್ನ ನಾಡಿಗೆ ಬಂದ ಪರದೇಶಿಯೇ ಆಗಿರಲಿ ಎಂಬ ಮಾತೂ ಇದೆ. ಹೊಸ ಒಡಂಬಡಿಕೆಯಲ್ಲಿ ಯಕೋಬನು ಇನ್ನೂ ಕಟುವಾಗಿ, ಹೊಲ ಕೊಯ್ದವರಿಗೆ ನೀವು ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎನ್ನುತ್ತಾನೆ. ಕೂಲಿ ಕೊಡದಿರುವುದನ್ನು ಪ್ರಾರ್ಥನೆಯಾಗಿಯೇ ಕೇಳಿಸಿಕೊಳ್ಳುವ ದೇವರು ನಮ್ಮವನು, ಪ್ರಾರ್ಥನೆ ಮಾತ್ರ ನಮ್ಮದಲ್ಲ, ಆಳಿನದು. ಇವತ್ತು ಬಟವಾಡೆಯ ದಿನ ಬ್ಯಾಂಕಿಗೆ ಹೋಗಲಾಗಲಿಲ್ಲ, ಸೋಮವಾರ ನೋಡೋಣ ಎನ್ನುವ ಮಾಲೀಕನಿಗೆ ಅದು ಎರಡು ದಿನದ ಮಾತು. ಶನಿವಾರ ಸಂತೆಯಿಂದ ಅಕ್ಕಿ ತರಬೇಕಾದವಳಿಗೆ ಅದು ಇಡೀ ವಾರದ ಮಾತು. ಆ ಮಾಲೀಕ ಭಾನುವಾರ ಬಲಿಪೂಜೆಗೆ ಹೋಗುವುದನ್ನು ಅವಳು ಲೈನ್ ಮನೆಯ ಅಂಗಳದಿಂದ ನೋಡುತ್ತಿರುತ್ತಾಳೆ.

ಎರಡನೆಯದು ತಕ್ಕಡಿ. ಕಾಫಿ ಹಣ್ಣಿನ ಕೊಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ ಇರುವಲ್ಲಿ ಸಂಜೆ ಪ್ರತಿಯೊಬ್ಬರ ಚೀಲವೂ ತೂಕಕ್ಕೆ ಬರುತ್ತದೆ. ಚೀಲದ ತೂಕವೆಂದು, ಎಲೆ ಕಡ್ಡಿ ಸೇರಿದೆಯೆಂದು, ಮಂಜಿನಲ್ಲಿ ಒದ್ದೆಯಾಗಿದೆಯೆಂದು ಒಂದು ಕಿಲೋ, ಎರಡು ಕಿಲೋ ಕಳೆಯುವುದು ಹಲವು ಕಡೆ ರೂಢಿ. ಕಳೆಯುವುದು ನ್ಯಾಯವೇ ಇರಬಹುದು. ಎಷ್ಟು ಕಳೆಯಬೇಕೆಂಬುದನ್ನು ಕಳೆಯುವವನೇ ತೀರ್ಮಾನಿಸುತ್ತಾನೆ, ಕಳೆದುಕೊಳ್ಳುವವಳಿಗೆ ಮಾತಿಲ್ಲ ಎಂಬುದೇ ತೊಡಕು. ಮೋಸದ ತಕ್ಕಡಿ ಸರ್ವೇಶ್ವರನಿಗೆ ಅಸಹ್ಯ ಎಂಬ ಜ್ಞಾನೋಕ್ತಿಯನ್ನು ನಾವು ಅಂಗಡಿಯವನ ಕುರಿತದ್ದೆಂದು ಓದಿಕೊಂಡು ಸುಮ್ಮನಾಗುತ್ತೇವೆ. ಇದೇ ಕಾಫಿಯನ್ನು ನಾವು ಮಾರಲು ಒಯ್ದಾಗ ವರ್ತಕ ತೇವಾಂಶ ಹೆಚ್ಚೆಂದೋ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ) ಕಡಿಮೆಯೆಂದೋ ಮೂಟೆಯ ಮೇಲೆ ಹಣ ಕಳೆದರೆ ಮಾತ್ರ ನಮಗೆ ತಕ್ಕಡಿಯ ವಚನ ನೆನಪಾಗುತ್ತದೆ.

ಮೂರನೆಯದು ಮುಂಗಡ. ಮದುವೆಗೋ ಕಾಯಿಲೆಗೋ ಕೊಟ್ಟ ಹಣ ಉಪಕಾರವಾಗಿ ಹುಟ್ಟಿ, ತೀರದ ಸಾಲವಾಗಿ ಬೆಳೆದು, ಕುಟುಂಬವೊಂದು ತೋಟ ಬಿಟ್ಟು ಹೋಗಲಾರದಂತೆ ಕಟ್ಟಿಹಾಕುವ ಬಗೆಯನ್ನು ಕೊಡಗಿನಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಜೀತ ಪದ್ಧತಿಯನ್ನು ರದ್ದುಪಡಿಸಿದ ಕಾಯ್ದೆ 1976ರದು. ಲೈನ್ ಮನೆ, ಕುಡಿಯುವ ನೀರು, ಶೌಚಾಲಯ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇವನ್ನೆಲ್ಲ ಕಡ್ಡಾಯ ಮಾಡಿದ ತೋಟ ಕಾರ್ಮಿಕರ ಕಾಯ್ದೆ 1951ರದು. ಆದರೆ ಐದು ಹೆಕ್ಟೇರು ಮತ್ತು ಹದಿನೈದು ಕಾರ್ಮಿಕರು ಎಂಬ ಮಿತಿಗಿಂತ ಚಿಕ್ಕ ತೋಟಗಳಿಗೆ ಆ ಕಾಯ್ದೆಯ ಕಟ್ಟು ಇರಲಿಲ್ಲ, ಮತ್ತು ನಮ್ಮವರಲ್ಲಿ ಹೆಚ್ಚಿನವರದು ಅಂಥ ಚಿಕ್ಕ ತೋಟಗಳೇ. ಕಾನೂನು ಬಲವಂತ ಮಾಡದ ಜಾಗದಲ್ಲಿ ಒಬ್ಬನು ಏನು ಮಾಡುತ್ತಾನೆ ಎಂಬುದರಲ್ಲಿ ಅವನ ವಿಶ್ವಾಸ ಎಷ್ಟಿದೆ ಎಂಬುದು ತಿಳಿಯುತ್ತದೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ತೆರವು ಮಾಡಿದಾಗ ನಾಡೆಲ್ಲ ಅದರ ಬಗ್ಗೆ ಮಾತಾಡಿತು. ಅಲ್ಲಿದ್ದವರಲ್ಲಿ ಅನೇಕರು ತೋಟಗಳ ಲೈನ್ ಮನೆ ಬಿಟ್ಟು ಸ್ವಂತ ನೆಲ ಬೇಕೆಂದು ಬಂದ ಯರವರು, ಜೇನುಕುರುಬರು. ಕಾಡಿನ ಜಾಗದ ಕಾನೂನು ಏನು ಹೇಳುತ್ತದೆ ಎಂಬ ಚರ್ಚೆ ನಮ್ಮ ನಡುವೆಯೂ ಬೇಕಾದಷ್ಟು ನಡೆಯಿತು. ಅವರು ಬಿಟ್ಟು ಬಂದ ಲೈನ್ ಮನೆಗಳು ಹೇಗಿದ್ದವು, ಅವುಗಳಲ್ಲಿ ಕ್ರೈಸ್ತರ ತೋಟದವು ಇದ್ದವೇ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ತೋಟವಿಲ್ಲದವರು ಇದೆಲ್ಲ ಸಾಹುಕಾರರಿಗೆ ಹೇಳಿದ್ದೆಂದು ಹಾಯಾಗಿ ಕುಳಿತಿರಬಹುದು. ಮನೆಗೆಲಸಕ್ಕೆ ಬರುವ ಹೆಂಗಸು ಯಾವ ಬಾಗಿಲಿನಿಂದ ಒಳಗೆ ಬರುತ್ತಾಳೆ, ಅವಳ ತಟ್ಟೆ ಲೋಟ ಎಲ್ಲಿರುತ್ತವೆ ಎಂದು ನೋಡಿಕೊಂಡರೆ ಸಾಕು. ಕ್ರಿಸ್ತರಲ್ಲಿ ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎಂದು ಪೌಲರು ಗಲಾತ್ಯದವರಿಗೆ ಬರೆದದ್ದನ್ನು ಪೀಠದಿಂದ ಓದುವ ಮನೆಯಲ್ಲೇ ಹಿಂದಿನ ಜಗಲಿಯ ಕಿಟಕಿಯಲ್ಲಿ ಬೇರೆ ಲೋಟ ಬೋರಲಾಗಿರುವುದುಂಟು. ದೇವಾಲಯದೊಳಗೂ ನಾವು ಇದರಿಂದ ಪೂರ್ತಿ ಬಿಡುಗಡೆ ಹೊಂದಿಲ್ಲ. ಚಿನ್ನದ ಉಂಗುರ ತೊಟ್ಟು ಬಂದವನಿಗೆ ಒಳ್ಳೆಯ ಆಸನ, ಮಾಸಿದ ಬಟ್ಟೆಯವನಿಗೆ ಕಾಲ ಬಳಿ ಜಾಗ ಎಂದು ಯಕೋಬನು ವರ್ಣಿಸಿದ ಸಭೆಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮದುವೆಯ ಊಟದ ಪಂಕ್ತಿಯನ್ನು ನೋಡಿದರೆ ಆಯಿತು. ಶಾಲೆ ನಡೆಸುವವರು ಪ್ರವೇಶದ ತಿಂಗಳಿನಲ್ಲಿ, ಆಸ್ಪತ್ರೆ ನಡೆಸುವವರು ಬಿಲ್ ಕಟ್ಟುವ ಕಿಟಕಿಯಲ್ಲಿ ಇದೇ ಪರೀಕ್ಷೆಗೆ ಒಳಗಾಗುತ್ತಾರೆ. ಅದನ್ನು ನಾನು ಹೆಚ್ಚು ಬೆಳೆಸುವುದಿಲ್ಲ.

ಕೊಡಗಿನಲ್ಲಿ ವಿಶ್ವಾಸದ ಪ್ರಭಾವ ಎಂದಾಗ ಹರ್ಮನ್ ಮೋಗ್ಲಿಂಗ್ ಅವರನ್ನು ಬಿಟ್ಟು ಮಾತು ಮುಗಿಸಲಾಗದು. ಅವರು ಕಥೋಲಿಕರಲ್ಲ, ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆಯ ಪಾದ್ರಿ. ಇಲ್ಲಿ ಅದು ಅಡ್ಡಿಯಾಗಬೇಕಿಲ್ಲ. 1843ರ ಜುಲೈ 1ರಂದು ಮಂಗಳೂರಿನಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿ ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆನಿಸಿದ ಇವರು 1850ರ ದಶಕದಲ್ಲಿ ಕೊಡಗಿಗೆ ಬಂದು ನೆಲೆಸಿದರು. ಆಗ ಈ ನಾಡಿನಲ್ಲಿ ಆಳುಗಳಲ್ಲಿ ಎರಡು ಬಗೆಯಿತ್ತು: ಭೂಮಿ ಜಮ್ಮದ ಆಳು ನೆಲದೊಂದಿಗೆ ಕೈಬದಲಾಗುವವನು, ಒಕ್ಕಲು ಜಮ್ಮದ ಆಳು ಮನೆಯ ಸ್ವತ್ತಿನಂತೆ ಒಡೆಯನಿಗೆ ಸೇರಿದವನು. ಅಂಥ ಕುಟುಂಬಗಳಿಂದ ಬಂದವರಿಗಾಗಿ ಮೋಗ್ಲಿಂಗರು ಅಮ್ಮತ್ತಿ, ಸಿದ್ದಾಪುರದ ಕಡೆ ಆನಂದಪುರವೆಂಬ ಕ್ರೈಸ್ತ ಗ್ರಾಮವನ್ನು ಕಟ್ಟಲು ಹೊರಟರು. ಜೀವಮಾನದಲ್ಲಿ ತನ್ನದೆಂಬ ನೆಲ ಕಾಣದವನಿಗೆ ದುಡಿಯಲು ನೆಲ ಸಿಕ್ಕಿತು. ಇದು ಮೆಚ್ಚಬೇಕಾದ ಕೆಲಸ. ಆದರೆ ಬೇರೆ ಗ್ರಾಮವನ್ನೇ ಕಟ್ಟಿದಾಗ ಮತ ಬದಲಾದವರು ಹಳೆಯ ನೆರೆಹೊರೆಯಿಂದ ದೂರವಾಗುತ್ತಾರೆ, ಮಿಷನ್ನಿನ ಒಡೆತನದ ಕೆಳಗೆ ಬರುತ್ತಾರೆ ಎಂಬುದನ್ನೂ ನಾವು ಗಮನಿಸಬೇಕು. ಇಲ್ಲಿಯ ದೈವಗಳ ಬಗ್ಗೆ, ಆಚಾರಗಳ ಬಗ್ಗೆ ಅವರು ಬರೆದದ್ದರಲ್ಲಿ ಕಟುವಾದ ಮಾತುಗಳೂ ಇವೆ.

ಅದೇ ಮೋಗ್ಲಿಂಗರು ಮಾಡಿದ ಇನ್ನೊಂದು ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1848ರಿಂದ ಕೆಲವೇ ವರ್ಷಗಳಲ್ಲಿ ಅವರು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದ ಕೃತಿಗಳನ್ನು ಅಚ್ಚು ಹಾಕಿಸಿದರು. ಒಬ್ಬ ಪಾದ್ರಿ ವೈಷ್ಣವರ ಹಾಡುಗಳನ್ನೂ ವೀರಶೈವರ ಪುರಾಣವನ್ನೂ ತಾಳೆಗರಿಯಿಂದ ಎತ್ತಿ, ಪ್ರತಿಗಳನ್ನು ಹೋಲಿಸಿ, ಶ್ರದ್ಧೆಯಿಂದ ಮುದ್ರಿಸಿದ. ಅವರ ಉಪದೇಶಗಳನ್ನು ಇಂದು ನೆನೆಯುವವರು ಕಡಿಮೆ; ಕನ್ನಡ ಓದಿದವರಲ್ಲಿ ಅವರ ಹೆಸರು ಗೌರವದಿಂದ ಉಳಿದಿರುವುದು ಈ ಕೆಲಸಗಳಿಂದ. ಯಾರನ್ನೂ ಬದಲಿಸಲೆಂದು ಹೊರಡದೆ, ಕೈಗೆತ್ತಿಕೊಂಡ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ನಾಡಿಗೆ ಒಪ್ಪಿಸಿದ ಜಾಗದಲ್ಲೇ ಅವರ ಪ್ರಭಾವ ಅತಿ ದೀರ್ಘವಾಗಿದೆ ಎಂದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಪ್ರೊಟೆಸ್ಟೆಂಟ್ ಸ್ನೇಹಿತರು ನನಗಿದ್ದಾರೆ, ಆನಂದಪುರವೇ ದೊಡ್ಡದೆಂದು ಅವರು ವಾದಿಸುತ್ತಾರೆ.

ಈ ಮಾತು ಮತಾಂತರದ ಪ್ರಶ್ನೆಗೆ ಬಂದು ಮುಟ್ಟುತ್ತದೆ; ಅದನ್ನು ಸುತ್ತಿ ಬಳಸಿ ದಾಟುವುದು ಸರಿಯಲ್ಲ. ಆಮಿಷದ ಮತಾಂತರವನ್ನು ತಡೆಯಲೆಂದು ನಮ್ಮ ರಾಜ್ಯದಲ್ಲಿ 2022ರಲ್ಲಿ ಕಾಯ್ದೆಯೊಂದು ಬಂದಾಗ ನಮ್ಮವರು ಅದನ್ನು ವಿರೋಧಿಸಿದರು. ಅದರಲ್ಲಿನ ವಿಧಿಗಳ ಚರ್ಚೆಗೆ ಇದು ವೇದಿಕೆಯಲ್ಲ. ಆದರೆ ಕ್ರೈಸ್ತನೊಬ್ಬ ಒಳ್ಳೆಯದು ಮಾಡಿದರೆ ಅದರ ಹಿಂದೆ ಏನಿದೆ ಎಂದು ನೆರೆಯವರು ಅನುಮಾನಿಸುವ ಕಾಲ ಬಂದಿದೆ ಎಂಬುದು ನಿಜ. ಇದಕ್ಕೆ ರಾಜಕೀಯ ಕಾರಣವೆಂದು ಹೇಳಿ ಕೈತೊಳೆದುಕೊಂಡರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಒಂದು ಮೂಟೆ ಅಕ್ಕಿ ಕೊಟ್ಟು ಪ್ರಾರ್ಥನೆಗೆ ಬರುತ್ತೀರಾ ಎಂದು ಕೇಳಿದ ಘಟನೆಗಳು ಎಲ್ಲಿಯೂ ನಡೆದೇ ಇಲ್ಲ ಎಂದು ಎದೆ ತಟ್ಟಿ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ತಂದೆಯಾದ ದೇವರು ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಒಂದೇ ಸೂರ್ಯ ಉದಯಿಸುವಂತೆ ಮಾಡುತ್ತಾನೆ ಎನ್ನುವ ಯೇಸುಸ್ವಾಮಿ, ಆ ಬಿಸಿಲಿಗೆ ಪ್ರತಿಯಾಗಿ ಏನನ್ನೂ ಕೇಳುವುದಿಲ್ಲ. ಕೊಟ್ಟದ್ದನ್ನು ಪಡೆದವನು ನಾಳೆ ಯಾವ ಗುಡಿಗೆ ಹೋದರೂ ಕೊಟ್ಟವನಿಗೆ ಬೇಸರವಾಗದಿದ್ದರೆ ಅದು ಕೊಟ್ಟದ್ದು. ಬೇಸರವಾದರೆ ಅದು ವ್ಯಾಪಾರ.

ರೋಮಿನ ಚಕ್ರವರ್ತಿ ಜೂಲಿಯನ್ ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತ ಧರ್ಮವನ್ನು ತೊರೆದು ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ನೆಲೆಗೊಳಿಸಲು ಹೆಣಗಿದವನು. ಗಲಾತ್ಯ ಪ್ರಾಂತ್ಯದ ಪ್ರಧಾನ ಪೂಜಾರಿಗೆ ಬರೆದ ಪತ್ರದಲ್ಲಿ ಅವನು, ಈ ಗಲಿಲೇಯರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದುದು ಹಾಗೆ) ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮ್ಮವರಿಗೆ ನಮ್ಮಿಂದ ನೆರವಿಲ್ಲದಿರುವುದು ನಾಚಿಕೆ ಎಂದು ಗೊಣಗಿಕೊಂಡಿದ್ದಾನೆ. ಸ್ತುತಿಸುವ ಉದ್ದೇಶವೇ ಇಲ್ಲದವನ ಬಾಯಿಂದ ಬಂದ ಮಾತಾದ್ದರಿಂದ ಇದನ್ನು ನಾನು ಹತ್ತು ಸಂತರ ಚರಿತ್ರೆಗಳಿಗಿಂತ ಹೆಚ್ಚು ನಂಬುತ್ತೇನೆ.

2018ರ ಆಗಸ್ಟಿನ ಮಳೆಯ ಬಗ್ಗೆ ಇಲ್ಲಿ ಯಾರಾದರೂ ಹೇಳಬಹುದೆಂದು ನೀವು ಕಾಯುತ್ತಿರಬಹುದು. ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಮಾದಾಪುರದ ಕಡೆ ಬೆಟ್ಟಗಳು ಜಾರಿದಾಗ ಶಾಲೆ, ಸಭಾಭವನ, ಮಠ, ಮಸೀದಿ, ಚರ್ಚ್ ಎಂದು ನೋಡದೆ ಎಲ್ಲ ಬಾಗಿಲುಗಳೂ ತೆರೆದವು, ನಮ್ಮವೂ ತೆರೆದವು. ಹೆಮ್ಮೆಪಡಬೇಕಾದದ್ದೇ. ಆದರೆ ಅಂಥ ದಿನಗಳಲ್ಲಿ ಎಲ್ಲರೂ ಒಳ್ಳೆಯವರಾಗುತ್ತಾರೆ, ಅದಕ್ಕೆ ವಿಶ್ವಾಸವೇ ಬೇಕೆಂದಿಲ್ಲ. ಅದೇ ಮನೆ ಕಳೆದುಕೊಂಡ ಕೂಲಿ ಕುಟುಂಬ ಎರಡು ವರ್ಷದ ಮೇಲೆ, ಕ್ಯಾಮೆರಾಗಳೆಲ್ಲ ಹೋದ ನಂತರ, ಬಾಡಿಗೆಗೆ ಮನೆ ಕೇಳಿಕೊಂಡು ಬಂದಾಗ ಕೊಟ್ಟವರು ಯಾರು ಎಂಬುದು ನನ್ನ ಕುತೂಹಲ.

ಹಾಗಾದರೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿಕೊಂಡಿರಬೇಕೇ, ವಿಶ್ವಾಸದ ಬಗ್ಗೆ ಮಾತೇ ಆಡಬಾರದೇ ಎಂದು ಕೇಳಬಹುದು. ಪೌಲರು ತೆಸಲೋನಿಯದವರಿಗೆ ಬರೆದ ಮೊದಲ ಪತ್ರದಲ್ಲಿ ಬಹುಮಟ್ಟಿಗೆ ಹಾಗೆಯೇ ಹೇಳಿದ್ದಾರೆ: ಶಾಂತರಾಗಿ ಬಾಳಿರಿ, ನಿಮ್ಮ ನಿಮ್ಮ ಕೆಲಸವನ್ನು ನೋಡಿಕೊಳ್ಳಿ, ಕೈಯಾರೆ ದುಡಿಯಿರಿ, ಆಗ ಹೊರಗಿನವರ ದೃಷ್ಟಿಯಲ್ಲಿ ಗೌರವದಿಂದಿರುವಿರಿ. ಈ ಮಾತನ್ನು ಬೋಧಿಸಿದವರು ಜೀವಮಾನವಿಡೀ ಸಾರುತ್ತ ತಿರುಗಿದ ಪೌಲರು ಎಂಬುದನ್ನು ಮರೆಯಬಾರದು. ಎಲ್ಲರೂ ತಮ್ಮಂತೆ ತಿರುಗಬೇಕೆಂದು ಅವರು ಬಯಸಲಿಲ್ಲ. ಪೇತ್ರನ ಮೊದಲ ಪತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸದಾ ಸಿದ್ಧರಾಗಿರಿ, ಆದರೆ ವಿನಯದಿಂದಲೂ ಗೌರವದಿಂದಲೂ ಕೊಡಿ ಎನ್ನುತ್ತದೆ ಅದು. ಇಲ್ಲಿ ಮೊದಲು ಬರುವುದು ನೆರೆಯವನ ಪ್ರಶ್ನೆ, ನಮ್ಮ ಉತ್ತರ ಅದರ ಹಿಂದೆ. ಯಾರೂ ಏನನ್ನೂ ಕೇಳದಿದ್ದರೆ ಉತ್ತರದ ಅಭ್ಯಾಸ ಮಾಡುವುದಕ್ಕಿಂತ, ನಮ್ಮ ಬದುಕಿನಲ್ಲಿ ಕೇಳುವಂಥದ್ದು ಏನೂ ಇಲ್ಲವೇ ಎಂದು ನೋಡಿಕೊಳ್ಳುವುದು ಮೇಲು.

ಕೇಳುವ ಸಂದರ್ಭ ಬರಬೇಕಾದರೆ ನಾವು ನೆರೆಯವರ ನಡುವೆ ಇರಬೇಕು. ಕೊಡಗಿನಲ್ಲಿ ಸಾವಿನ ಮನೆಗೆ ಹೋಗುವುದಕ್ಕಿಂತ ದೊಡ್ಡ ಕರ್ತವ್ಯವಿಲ್ಲ. ಆಮಂತ್ರಣ ಬೇಕಿಲ್ಲ, ಹೋಗದಿದ್ದರೆ ಕ್ಷಮೆಯಿಲ್ಲ. ಸೌದೆ ಒಡೆಯಲು, ಹೊರಲು, ರಾತ್ರಿ ಜೊತೆಗೆ ಕೂರಲು ಅಲ್ಲಿ ಜನ ಬೇಕು. ಕೊಡವರ ಹಬ್ಬಗಳಾದ ಹುತ್ತರಿಗೋ ಕೈಲುಪೊಳ್ದಿಗೋ ಮನೆಗೆ ಕರೆದರೆ ಹೋಗಿ ಊಟ ಮಾಡಿ ಬರುವುದರಿಂದ ನಮ್ಮ ವಿಶ್ವಾಸಕ್ಕೆ ಕುಂದಿಲ್ಲ. ಕರೆದವರ ಮನೆಯಲ್ಲೆಲ್ಲ ಉಂಡವರು ಯೇಸುಸ್ವಾಮಿ, ಅದಕ್ಕಾಗಿ ಬೈಸಿಕೊಂಡವರೂ ಹೌದು. ಬ್ಯಾಬಿಲೋನಿಗೆ ಸೆರೆಹೋದ ಜನರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರದಲ್ಲಿ, ನೀವಿರುವ ನಗರದ ಕ್ಷೇಮವನ್ನು ಹುಡುಕಿರಿ, ಅದಕ್ಕಾಗಿ ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂಬ ಮಾತಿದೆ. ಶತ್ರುವಿನ ನಗರಕ್ಕೇ ಹೀಗೆಂದ ಮೇಲೆ, ಆಶ್ರಯ ಕೊಟ್ಟ ನಾಡಿನ ವಿಷಯದಲ್ಲಿ ಹೇಳಬೇಕಾದದ್ದೇನು? ಆನೆಯ ಹಾವಳಿ, ಮಾರುಕಟ್ಟೆಯ ಏರಿಳಿತ, ಕಾವೇರಿಯ ನೀರು, ಊರಿನ ಕಸ ಇವುಗಳ ಸಭೆಗಳಲ್ಲಿ ನಮ್ಮವರು ಕಾಣುವುದು ಕಡಿಮೆ. ನಮ್ಮ ಸಭೆಗಳು ನಮ್ಮ ಹಬ್ಬದ ಲೆಕ್ಕಪತ್ರದಲ್ಲೇ ಮುಗಿದುಹೋಗುತ್ತವೆ.

ಉಪನ್ಯಾಸ ಇಲ್ಲಿಗೆ ಮುಗಿದಿತ್ತು. ಆಮೇಲೆ ತೋಟವೊಂದರಲ್ಲಿ ರೈಟರಾಗಿರುವ ಯುವಕರೊಬ್ಬರು ಎದ್ದು ನಿಂತು ಕೇಳಿದರು: “ಅಂಕಲ್, ಚೀಲಕ್ಕೆ ಎರಡು ಕಿಲೋ ಕಳೆಯಲು ಹೇಳುವವರು ಮಾಲೀಕರು, ಕಳೆಯುವವನು ನಾನು. ಇಲ್ಲ ಎಂದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಅಮ್ಮ, ತಂಗಿ ಇದ್ದಾರೆ. ನಾನು ಏನು ಮಾಡಲಿ?”

ಅವರಿಗೆ ನಾನು ಕೊಟ್ಟ ಉತ್ತರ ಹೀಗಿತ್ತು. ಸ್ನಾನಿಕ ಯೊವಾನ್ನರ ಬಳಿಗೆ ಸುಂಕದವರೂ ಸೈನಿಕರೂ ಬಂದು ಇದೇ ಪ್ರಶ್ನೆ ಕೇಳಿದರೆಂದು ಲೂಕನು ಬರೆದಿದ್ದಾನೆ. ಅವರಿಬ್ಬರದೂ ಜನ ದ್ವೇಷಿಸುತ್ತಿದ್ದ ಕೆಲಸ. ಆದರೂ ಕೆಲಸ ಬಿಡಿ ಎಂದು ಯೊವಾನ್ನರು ಹೇಳಲಿಲ್ಲ; ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ, ಬೆದರಿಸಿ ಕಿತ್ತುಕೊಳ್ಳಬೇಡಿ ಎಂದರು. ಆದ್ದರಿಂದ ನಿಮ್ಮ ಕೈಲಾಗುವುದನ್ನು ಮೊದಲು ನೋಡಿ. ಮಾಲೀಕರೊಡನೆ ಒಬ್ಬರೇ ಮಾತಾಡಿ, ಆಳುಗಳ ಮುಂದೆ ಬೇಡ. ಖಾಲಿ ಚೀಲವನ್ನು ಎಲ್ಲರೆದುರು ತೂಗಿ ಅದರ ತೂಕವನ್ನಷ್ಟೇ ಕಳೆಯೋಣ, ಎಲೆ ಕಡ್ಡಿ ಇದ್ದರೆ ಚೀಲ ಸುರಿದು ತೆಗೆಸೋಣ, ಆಗ ಹಣ್ಣೂ ಶುದ್ಧವಾಗಿ ಬರುತ್ತದೆ ಎಂದು ಅವರಿಗೆ ಲಾಭದ ದಾರಿಯನ್ನೂ ತೋರಿಸಿ. ಕೊಯ್ಲಿನ ಸಮಯದಲ್ಲಿ ಆಳು ಸಿಗದೆ ಒದ್ದಾಡುವ ಮಾಲೀಕರಿಗೆ, ತೂಕ ಸರಿಯಿರುವ ತೋಟಕ್ಕೆ ಜನ ತಾವಾಗಿ ಬರುತ್ತಾರೆ ಎಂಬುದು ಅರ್ಥವಾಗದ ಮಾತಲ್ಲ. ತೂಕ ಬರೆದ ಚೀಟಿಯ ಒಂದು ಪ್ರತಿಯನ್ನು ಕೊಯ್ದವರ ಕೈಗೂ ಕೊಡಿ. ಇಷ್ಟಾದ ಮೇಲೂ ಅವರು ಒಪ್ಪದೆ ನಿಮ್ಮ ಕೆಲಸ ಹೋಗಬಹುದು. ಹೋಗುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ.

ಆದರೆ ಹಾಗೆ ಹೋದರೆ ಇನ್ನೊಂದು ಕೆಲಸ ಸಿಗುವವರೆಗೆ ಈ ಯುವಕರ ಮನೆಯ ಅಕ್ಕಿ, ತಂಗಿಯ ಶುಲ್ಕ ಇವೆರಡರ ಹೊಣೆಯನ್ನು ಧರ್ಮಕೇಂದ್ರ ಹೊರುವುದೇ ಎಂದು ನಾನು ಸಭೆಯನ್ನೇ ಕೇಳಿದೆ. ಕೆಲವು ಕೈಗಳು ಮೇಲೆದ್ದವು, ಎಲ್ಲವೂ ಅಲ್ಲ. ಬಡವರ ನಿಧಿಯನ್ನು ಇಂಥ ಸಂದರ್ಭಕ್ಕೂ ಬಳಸುವ ವಿಚಾರವನ್ನು ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ಇಡುವುದಾಗಿ ಗುರುಗಳು ತಿಳಿಸಿದರು.